ಆಕಾಶದ ವಿಷಯ ಹೇಳುವ ಸ್ವಯಂಸೇವಕರಿಗೆ ಮೊದಲು ಏನು ಕಲಿಸಬೇಕು?

ನೀರ್ಚಾಲು ಟೀಚರ್

ಎಲ್ಲರಿಗೂ ನಮಸ್ಕಾರ. ಈ ಏಪ್ರಿಲ್ ರಜೆಯಲ್ಲಿ ಕೇರಳದ ಕಾಸರಗೋಡು ಜಿಲ್ಲೆಯ ನಮ್ಮೂರ ವಾಚನಾಲಯದಲ್ಲಿ ಹನ್ನೆರಡು ಜನರಿಗೆ ತರಬೇತಿ ಕೊಡಲು ಹೊರಟಿದ್ದೇವೆ. ವಿಮಾನ, ರಾಕೆಟ್, ಉಪಗ್ರಹ, ಆಕಾಶ ಇವುಗಳ ಬಗ್ಗೆ ಊರವರಿಗೆ ಹೇಳಿಕೊಡುವ ಸ್ವಯಂಸೇವಕರು ಇವರು. ತರಬೇತಿ ಮುಗಿದ ಮೇಲೆ ಇಬ್ಬಿಬ್ಬರಾಗಿ ಬೇರೆ ವಾಚನಾಲಯಗಳಿಗೆ, ಕುಟುಂಬಶ್ರೀ ಎಂಬ ಹೆಂಗಸರ ಸ್ವಸಹಾಯ ಗುಂಪುಗಳ ಸಭೆಗಳಿಗೆ, ಶಾಲೆಗಳಿಗೆ ಹೋಗಬೇಕು. ಐದು ಜನ ಕಾಲೇಜು ಮಕ್ಕಳು, ಇಬ್ಬರು ಅಂಗನವಾಡಿ ಟೀಚರುಗಳು, ಒಬ್ಬರು ರಿಕ್ಷಾ ಓಡಿಸುವವರು, ಉಳಿದವರು ಮನೆ, ತೋಟ ನೋಡಿಕೊಳ್ಳುವವರು.

ಹೋದ ವರ್ಷ ಒಂದು ಶಾಲೆಯಲ್ಲಿ ಇಂಥದ್ದೇ ಕಾರ್ಯಕ್ರಮ ಮಾಡಿದ್ದೆವು. ಅರುವತ್ತು ಸ್ಲೈಡು ಇತ್ತು. ನಮ್ಮ ಹುಡುಗ ಚಂದ್ರಯಾನ-3ರ ಸ್ಲೈಡು ಓದುತ್ತಿದ್ದಾಗ ಆರನೇ ಕ್ಲಾಸಿನ ಒಬ್ಬಳು ಕೈ ಎತ್ತಿ, 'ರಾತ್ರಿ ಆದ ಮೇಲೆ ಆ ಗಾಡಿ ಏನು ಮಾಡ್ತದೆ?' ಅಂತ ಕೇಳಿದಳು. 'ಪ್ರಶ್ನೆ ಎಲ್ಲ ಕೊನೆಗೆ' ಅಂದ ಅವನು. ಕೊನೆಗೆ ಸಮಯವೇ ಉಳಿಯಲಿಲ್ಲ. ಆ ಹುಡುಗಿ ಎತ್ತಿದ ಕೈಯನ್ನು ನಿಧಾನಕ್ಕೆ ಇಳಿಸಿ ಬೆಂಚಿನ ಮೇಲೆ ಇಟ್ಟುಕೊಂಡದ್ದು ನನ್ನ ಕಣ್ಣಲ್ಲೇ ಇದೆ.

ಅವಳು ಕೇಳಿದ್ದು ಅವತ್ತಿನ ಅರುವತ್ತು ಸ್ಲೈಡಿಗಿಂತ ದೊಡ್ಡ ವಿಷಯ. 2023 ಆಗಸ್ಟ್ 23ರ ಸಂಜೆ ಇಳಿದ ವಿಕ್ರಮ್, ಅದರೊಳಗಿಂದ ಹೊರಬಂದ ಪ್ರಜ್ಞಾನ್ ಎರಡೂ ಕೆಲಸ ಮಾಡುತ್ತಿದ್ದದ್ದು ಬಿಸಿಲಿನಿಂದ. ಚಂದ್ರನಲ್ಲಿ ಹಗಲು ನಮ್ಮ ಹದಿನಾಲ್ಕು ದಿನದಷ್ಟು, ರಾತ್ರಿಯೂ ಅಷ್ಟೇ. ರಾತ್ರಿಯ ಚಳಿ ಯಂತ್ರಗಳಿಗೆ ತಡೆಯುವಂಥದ್ದಲ್ಲ. ಸೆಪ್ಟೆಂಬರ್ ಮೊದಲ ವಾರದಲ್ಲಿ ಎರಡನ್ನೂ ಮಲಗಿಸಿದರು. ಮತ್ತೆ ಅವು ಏಳಲಿಲ್ಲ. ಇದನ್ನು ಅವಳಿಗೆ ಅಲ್ಲೇ ಹೇಳಬಹುದಿತ್ತು, ಎರಡು ನಿಮಿಷದ ಮಾತು.

ಅದಕ್ಕೇ ಕೇಳುತ್ತಿದ್ದೇನೆ. ತರಬೇತಿಗೆ ಸಿಗುವುದು ನಾಲ್ಕೇ ದಿನ. ಏನನ್ನು ಕಲಿಸಬೇಕು, ಏನನ್ನು ಬಿಡಬೇಕು?

ಮಂಜೇಶ್ವರ ವಿದ್ಯಾರ್ಥಿನಿ

ಟೀಚರ್, ನಾನು ಬಿ.ಎಸ್ಸಿ. ಓದುತ್ತಿದ್ದೇನೆ. ಇಂಥ ಕೆಲಸ ಬೇರೆ ಕಡೆ ಹೇಗೆ ಮಾಡುತ್ತಾರೆ ಅಂತ ಹುಡುಕಿದ್ದೆ. ಅಮೆರಿಕದಲ್ಲಿ ಸಿವಿಲ್ ಏರ್ ಪೆಟ್ರೋಲ್ ಅಂತ ಸ್ವಯಂಸೇವಕರ ಸಂಸ್ಥೆ ಇದೆ. 1941ರ ಡಿಸೆಂಬರಿನಲ್ಲಿ ಶುರುವಾದದ್ದು. ತುರ್ತು ಸೇವೆ, ಹುಡುಗ ಹುಡುಗಿಯರ ಕೆಡೆಟ್ ತರಬೇತಿ, ವಿಮಾನ ಮತ್ತು ಬಾಹ್ಯಾಕಾಶದ ಬಗ್ಗೆ ಜನರಿಗೆ ತಿಳಿಸುವುದು, ಇವು ಮೂರು ಅವರ ಕೆಲಸ. ಮೂರನೆಯದಕ್ಕೂ ಬೇರೆಯೇ ತರಬೇತಿ ಇದೆ. ಕೆಡೆಟ್‌ಗಳನ್ನು ಸಣ್ಣ ವಿಮಾನದಲ್ಲಿ ಕೂರಿಸಿ ಹಾರಿಸುತ್ತಾರೆ ಕೂಡ. ನಾಸಾದವರು 1997ರಿಂದ ಸೌರಮಂಡಲದ ರಾಯಭಾರಿಗಳು ಅಂತ ಸಾಮಾನ್ಯ ಜನರನ್ನೇ ತಯಾರು ಮಾಡುತ್ತಾ ಬಂದಿದ್ದಾರೆ.

ನಮ್ಮಲ್ಲಿ ಇಸ್ರೋದ ಯುವಿಕಾ ಅನ್ನುವ ತರಬೇತಿ ಇದೆ, 2019ರಿಂದ. ಅದು ಒಂಬತ್ತನೇ ಕ್ಲಾಸಿನ ಮಕ್ಕಳಿಗೆ. ಎನ್.ಸಿ.ಸಿ.ಯಲ್ಲಿ ವಾಯು ವಿಭಾಗ ಇದೆ. ಆದರೆ ಕುಟುಂಬಶ್ರೀ ಸಭೆಯಲ್ಲಿ ಕೂತ ಅಮ್ಮಂದಿರಿಗೆ ಹೇಳುವವರು ಯಾರು? ಆ ಜಾಗ ಖಾಲಿ ಇದೆ. ನನ್ನನ್ನೂ ಸೇರಿಸಿಕೊಳ್ಳಿ.

ಕುಂಬಳೆ ಅರ್ಥಧಾರಿ

ಟೀಚರ್ ನಮಸ್ಕಾರ. ನಾನು ವಿಜ್ಞಾನ ಓದಿದವನಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವನು, ಮೂವತ್ತು ವರ್ಷದಿಂದ ತಾಳಮದ್ದಳೆಯಲ್ಲಿ, ಅಂದರೆ ವೇಷವಿಲ್ಲದೆ ಕೂತು ಮಾತಾಡುವ ಯಕ್ಷಗಾನದಲ್ಲಿ, ಅರ್ಥ ಹೇಳುತ್ತಿದ್ದೇನೆ. ನಮ್ಮಲ್ಲಿ ಹೊಸಬರನ್ನು ತಯಾರು ಮಾಡುವ ಕ್ರಮವನ್ನೇ ಹೇಳುತ್ತೇನೆ, ನಿಮಗೆ ಉಪಯೋಗ ಆದೀತು.

ಪದ್ಯ ಹಾಡುವ ಭಾಗವತರದ್ದು. ಅದರಲ್ಲಿ ಒಂದಕ್ಷರ ಆಚೀಚೆ ಮಾಡುವ ಅಧಿಕಾರ ಅರ್ಥಧಾರಿಗೆ ಇಲ್ಲ. ಅರ್ಥ ಮಾತ್ರ ಅವನದ್ದು. ಯಾರೂ ಬರೆದುಕೊಡುವುದಿಲ್ಲ, ಎದುರು ಕೂತವರು ಏನು ಕೇಳುತ್ತಾರೆ ಅಂತ ಮೊದಲೇ ಗೊತ್ತಿರುವುದಿಲ್ಲ. ಹಾಗಾಗಿ ಹೊಸಬನನ್ನು ಹಳಬನ ಎದುರು ಕೂರಿಸುತ್ತೇವೆ. ಹಳಬ ಕೇಳುತ್ತಾ ಹೋಗುತ್ತಾನೆ, ಹೊಸಬ ಉತ್ತರ ಹುಡುಕುತ್ತಾ ಹೋಗುತ್ತಾನೆ. ಮಾತು ಬರುವುದು ಹಾಗೆ.

ನಿಮ್ಮ ಹನ್ನೆರಡು ಜನರಿಗೂ ಗಟ್ಟಿ ವಿಷಯ ಹತ್ತಿಪ್ಪತ್ತು ಕೊಡಿ. ಇಸವಿ, ದೂರ, ವೇಗ, ಇವು ಪದ್ಯ. ಬಾಯಿಪಾಠ ಆಗಲಿ. ಉಳಿದದ್ದು ಅವರವರ ಅರ್ಥ. ನಾಲ್ಕು ದಿನದಲ್ಲಿ ಎರಡು ದಿನ ಒಬ್ಬರ ಎದುರು ಒಬ್ಬರನ್ನು ಕೂರಿಸಿ, ಬರೀ ಪ್ರಶ್ನೆ.

ನೀರ್ಚಾಲು ಟೀಚರ್

ಅಣ್ಣಾ, ಇದು ನನಗೆ ಹೊಳೆದಿರಲಿಲ್ಲ. ಸ್ಲೈಡು ಓದುವುದೆಂದರೆ ಪದ್ಯವನ್ನೂ ಅರ್ಥವನ್ನೂ ಬೇರೆಯವರೇ ಬರೆದುಕೊಟ್ಟ ಹಾಗೆ ಅಲ್ವಾ. ಎರಡು ದಿನ ಪ್ರಶ್ನೆಗೇ ಇಡುತ್ತೇನೆ.

ವಿಮಾನ ರಿಪೇರಿ, ಬದಿಯಡ್ಕ

ಇಪ್ಪತ್ತೆರಡು ವರ್ಷ ವಿಮಾನ ರಿಪೇರಿ ಕೆಲಸದಲ್ಲಿ ಇದ್ದವನು ನಾನು. ಅರ್ಥಧಾರಿಗಳ ಮಾತು ಒಪ್ಪುತ್ತೇನೆ. ಆದರೆ ಒಂದು ಎಚ್ಚರ ಬೇಕು. ಕೆಲವು ತಪ್ಪು ಅರ್ಥಗಳು ಎಷ್ಟು ಚಂದ ಇರುತ್ತವೆ ಅಂದರೆ ಪುಸ್ತಕಗಳಲ್ಲೂ ಸೇರಿಕೊಂಡಿವೆ.

ವಿಮಾನ ಹೇಗೆ ಹಾರುತ್ತದೆ ಅಂತ ಕೇಳಿ ನೋಡಿ. 'ರೆಕ್ಕೆಯ ಮೇಲ್ಭಾಗ ಉಬ್ಬಿದೆ, ಮೇಲಿನ ಗಾಳಿಗೆ ದಾರಿ ಉದ್ದ, ಕೆಳಗಿನ ಗಾಳಿಯ ಜತೆ ಒಟ್ಟಿಗೆ ತಲುಪಬೇಕು, ಹಾಗಾಗಿ ಜೋರಾಗಿ ಓಡುತ್ತದೆ' ಅನ್ನುತ್ತಾರೆ. ಒಟ್ಟಿಗೆ ತಲುಪಬೇಕು ಅಂತ ಗಾಳಿಗೆ ಯಾವ ಕಟ್ಟಳೆಯೂ ಇಲ್ಲ. ಮೇಲಿನ ಗಾಳಿ ಜೋರಾಗಿ ಹೋಗುವುದು ನಿಜ, ಕೆಳಗಿನದ್ದಕ್ಕಿಂತ ಮೊದಲೇ ತಲುಪುತ್ತದೆ. ಆ ಕಾರಣ ನಿಜ ಆಗಿದ್ದರೆ ವಿಮಾನ ತಲೆಕೆಳಗಾಗಿ ಹಾರಲು ಸಾಧ್ಯವೇ ಇರುತ್ತಿರಲಿಲ್ಲ. ಏರ್ ಶೋದಲ್ಲಿ ಹಾರುವುದನ್ನು ನಾವೇ ನೋಡಿದ್ದೇವೆ.

ನಾನು ಮಕ್ಕಳಿಗೆ ಹೀಗೆ ತೋರಿಸುತ್ತೇನೆ. ಒಣಗಿದ ಅಡಿಕೆ ಹಾಳೆಯಿಂದ ಒಂದು ಗೇಣು ಉದ್ದದ ತುಂಡು ಕತ್ತರಿಸಿ. ಟೇಬಲ್ ಫ್ಯಾನಿನ ಎದುರು, ಅಂಚು ಗಾಳಿಯ ಕಡೆ ಬರುವ ಹಾಗೆ ಮಟ್ಟಸ ಹಿಡಿಯಿರಿ. ಏನೂ ಆಗುವುದಿಲ್ಲ. ಈಗ ಗಾಳಿಯ ಕಡೆಯ ಅಂಚನ್ನು ಸ್ವಲ್ಪ, ಒಂದು ಬೆರಳಿನಷ್ಟು, ಮೇಲೆತ್ತಿ. ಹಾಳೆ ಕೈಯನ್ನೇ ಮೇಲಕ್ಕೆ ಎಳೆಯುತ್ತದೆ. ಇನ್ನೊಂದು ಕೈಯನ್ನು ಹಾಳೆಯ ಹಿಂದೆ, ಸ್ವಲ್ಪ ಕೆಳಗೆ ಇಡಿ. ಗಾಳಿ ಅಲ್ಲಿಗೆ ಬಂದು ಬಡಿಯುತ್ತದೆ. ರೆಕ್ಕೆ ಗಾಳಿಯನ್ನು ಕೆಳಕ್ಕೆ ತಿರುಗಿಸುತ್ತದೆ, ಗಾಳಿ ರೆಕ್ಕೆಯನ್ನು ಮೇಲಕ್ಕೆ ತಳ್ಳುತ್ತದೆ. ಇನ್ನೂ ಜಾಸ್ತಿ ಎತ್ತಿದರೆ ಹಾಳೆ ಹಿಂದಕ್ಕೆ ತಳ್ಳಿಕೊಂಡು ಪಟಪಟ ಅಂತ ನಡುಗುತ್ತದೆ. ವಿಮಾನದವರು ಸ್ಟಾಲ್ ಅನ್ನುವುದು ಇದಕ್ಕೇ. ಗಾಳಿ ರೆಕ್ಕೆಯ ಮೇಲ್ಮೈ ಬಿಟ್ಟು ಕಳಚಿಕೊಳ್ಳುತ್ತದೆ, ಎತ್ತುವ ಬಲ ಕುಸಿಯುತ್ತದೆ.

ಪ್ರತಿಯೊಬ್ಬ ಸ್ವಯಂಸೇವಕನೂ ಇದನ್ನು ತನ್ನ ಕೈಯಲ್ಲಿ ಹಿಡಿದು ನೋಡಿಯೇ ಹೇಳಬೇಕು.

ಪೆರ್ಲ ತೋಟ

ಹಾಳೆ ಎಷ್ಟು ಬೇಕು ಹೇಳಿ, ನಾನು ತಂದುಕೊಡುತ್ತೇನೆ.

ಚೆರ್ವತ್ತೂರು

2019 ಡಿಸೆಂಬರ್ 26 ನೆನಪಿದೆಯಾ? ಕಂಕಣ ಸೂರ್ಯಗ್ರಹಣ ನಮ್ಮ ಜಿಲ್ಲೆಯ ತಲೆಯ ಮೇಲೆಯೇ ಹಾದು ಹೋದ ದಿನ. ಚೆರ್ವತ್ತೂರಿಗೆ ದೂರದ ಊರುಗಳಿಂದ ಜನ ಬಂದಿದ್ದರು. ಬೆಳಿಗ್ಗೆ ಎಂಟು ದಾಟಿದ ಮೇಲೆ ಹಿಡಿಯಲು ಶುರು, ಒಂಬತ್ತೂಕಾಲು ದಾಟಿದ ಮೇಲೆ ಬಳೆ. ಬಳೆ ಇದ್ದದ್ದು ಮೂರು ನಿಮಿಷದ ಹತ್ತಿರ.

ನಾನು ಅವತ್ತು ಸ್ವಯಂಸೇವಕ. ಕನ್ನಡಕ ಹಂಚುವುದು, ಎಕ್ಸ್‌ರೇ ಫಿಲ್ಮ್, ಮಸಿ ಹಿಡಿದ ಗಾಜು ತಂದವರಿಂದ ಅದನ್ನು ಕೆಳಗಿಡಿಸುವುದು ನನ್ನ ಕೆಲಸ. ನಮ್ಮ ಪಕ್ಕದ ಮನೆಯ ಅಜ್ಜಿ ಬರಲಿಲ್ಲ. ಗ್ರಹಣದ ಹೊತ್ತು ಹೊರಗೆ ಬರಬಾರದು ಅಂತ ಒಳಗೆ ಕೂತಿದ್ದರು. ನಾನು ವಾದ ಮಾಡಲಿಲ್ಲ. ಬಳೆ ಆಗುವ ಹೊತ್ತಿಗೆ ಓಡಿ ಹೋಗಿ, 'ಅಜ್ಜೀ, ಸೂರ್ಯನನ್ನು ನೋಡುವುದು ಬೇಡ, ಜಗಲಿಯಿಂದ ನಿಮ್ಮ ಅಂಗಳ ಮಾತ್ರ ನೋಡಿ' ಅಂದೆ. ಮಾವಿನ ಮರದ ಕೆಳಗೆ ನೆಲದ ತುಂಬ ಬೆಳಕಿನ ಉಂಗುರಗಳು. ಎಲೆಗಳ ಸಂದಿಯಿಂದ ಬಿದ್ದ ಒಂದೊಂದು ಬೆಳಕೂ ಒಂದೊಂದು ಸೂರ್ಯನ ಚಿತ್ರ. ಅಜ್ಜಿ ಮೆಟ್ಟಿಲು ಇಳಿದು ಬಂದು ಅಂಗೈ ಚಾಚಿದರು. ಉಂಗುರ ಅವರ ಕೈಯ ಮೇಲೆ ಬಿತ್ತು. ಅದನ್ನು ನೋಡುತ್ತಾ ಸುಮ್ನೆ ನಿಂತರು.

ಆಮೇಲೆ ಅವರೇ ಕೇಳಿದರು, 'ಯಾವಾಗಲೂ ಬೀಳುವ ಬೆಳಕು ದುಂಡಗೆ ಇರುವುದೂ ಇದೇ ಕಾರಣಕ್ಕಾ?' ಅಂತ. ಹೌದು, ಅದೇ ಕಾರಣ. ನಾನು ಯಾವತ್ತೂ ಯೋಚನೆ ಮಾಡಿರಲಿಲ್ಲ.

ಸ್ವಯಂಸೇವಕರಿಗೆ ಇದನ್ನು ಹೇಳಿಕೊಡಿ. ನಂಬಿಕೆಯ ಜತೆ ಜಗಳಕ್ಕೆ ಹೋಗುವುದು ಬೇಡ. ನೋಡಲು ಒಂದು ದಾರಿ ಮಾಡಿಕೊಟ್ಟರೆ ಸಾಕು. 2031 ಮೇ 21ಕ್ಕೆ ಕೇರಳದ ತೆಂಕು ಭಾಗದಲ್ಲಿ ಮತ್ತೊಂದು ಕಂಕಣ ಗ್ರಹಣ ಇದೆ. ನಮ್ಮಲ್ಲಿ ಬಳೆ ಆಗುವುದಿಲ್ಲ, ಸೂರ್ಯನ ದೊಡ್ಡ ಪಾಲು ಮುಚ್ಚುತ್ತದೆ. ಅಷ್ಟರೊಳಗೆ ಪ್ರತಿ ಪಂಚಾಯತಿನಲ್ಲೂ ಹೇಳುವವರು ಇರಬೇಕು ಅಂತ ನನ್ನ ಆಸೆ.

ಉಪ್ಪಳ, ಈಗ ಶಾರ್ಜಾ

ಒಂದು ಕಷ್ಟದ ವಿಷಯ ಬರೆಯುತ್ತೇನೆ. ನಮ್ಮ ಕಡೆ ಮನೆಗೊಬ್ಬರು ಗಲ್ಫಿನಲ್ಲಿ ಇರುತ್ತಾರೆ. ವಿಮಾನ ಅಂದ ಕೂಡಲೇ ಅನೇಕರಿಗೆ ನೆನಪಾಗುವುದು 2010 ಮೇ 22. ಮಂಗಳೂರಿನ ಬಜ್ಪೆ ನಿಲ್ದಾಣದಲ್ಲಿ ಆದ ವಿಮಾನ ಅಪಘಾತದಲ್ಲಿ 158 ಜನ ಹೋದರು, ಎಂಟು ಜನ ಉಳಿದರು. ಸತ್ತವರಲ್ಲಿ ನಮ್ಮ ಜಿಲ್ಲೆಯವರು ತುಂಬ ಜನ. ನನ್ನ ಜತೆ ಓದಿದವನೊಬ್ಬ ಅದರಲ್ಲಿದ್ದ.

ಕೆಲವು ವರ್ಷದ ಹಿಂದೆ ಒಂದು ಕಡೆ ವಿಮಾನದ ಬಗ್ಗೆ ಭಾಷಣ ಮಾಡಲು ಬಂದವರು ಉದಾಹರಣೆಗೆ ಅಂತ ಆ ಅಪಘಾತದ ಚಿತ್ರ ಹಾಕಿದರು. ಮೂರನೇ ಸಾಲಿನಲ್ಲಿದ್ದ ಒಬ್ಬರು ಅಮ್ಮ ಎದ್ದು ಹೊರಗೆ ಹೋದರು. ಮಾತಾಡುವವರಿಗೆ ಅದು ಗೊತ್ತೇ ಆಗಲಿಲ್ಲ.

ದಯವಿಟ್ಟು ತರಬೇತಿಯಲ್ಲಿ ಇದನ್ನು ಸೇರಿಸಿ. ಆ ವಿಷಯ ಎತ್ತಲೇಬಾರದು ಅಂತ ನಾನು ಹೇಳುವುದಿಲ್ಲ. ಜನರಿಗೆ ತಿಳಿಯಬೇಕು ಅಂತ ಇದೆ. ಆದರೆ ಮೊದಲು ಊರಿನವರ ಹತ್ತಿರ ಕೇಳಿ. ಚಿತ್ರ ಬೇಡ.

ವಿಮಾನ ರಿಪೇರಿ, ಬದಿಯಡ್ಕ

ತಮ್ಮಾ, ನೀವು ಬರೆದದ್ದು ಓದಿ ತುಂಬ ಹೊತ್ತು ಏನೂ ಬರೆಯಲು ಆಗಲಿಲ್ಲ.

ಜನ ಕೇಳಿದರೆ ಹೇಳಬೇಕಾದದ್ದು ಇಷ್ಟು. ಬಜ್ಪೆಯದ್ದು ಟೇಬಲ್ ಟಾಪ್ ರನ್‌ವೇ. ಗುಡ್ಡದ ತಲೆ ಸಮ ಮಾಡಿದ ಹಾಗೆ, ತುದಿ ದಾಟಿದರೆ ಕಣಿವೆ. ಕಣ್ಣೂರಿನಲ್ಲಿ 2018ರ ಡಿಸೆಂಬರಿನಲ್ಲಿ ಶುರುವಾದ ನಿಲ್ದಾಣವೂ ಟೇಬಲ್ ಟಾಪ್. ಬಜ್ಪೆಯ ರನ್‌ವೇ 2,450 ಮೀಟರ್ ಉದ್ದ. ಅವತ್ತು ವಿಮಾನ ಬಹಳ ಮುಂದೆ ಹೋಗಿ ನೆಲ ಮುಟ್ಟಿತು, ನಿಲ್ಲಲು ಜಾಗ ಸಾಲಲಿಲ್ಲ. ಇಳಿಯುವ ಯತ್ನ ಬಿಟ್ಟು ಮತ್ತೆ ಮೇಲೇರಬೇಕಿತ್ತು ಅಂತ ತನಿಖೆಯ ವರದಿ ಹೇಳಿತು.

ಹಾಗಾಗಿ ನಾನು ಎಲ್ಲರಿಗೂ ಹೇಳುವ ಒಂದು ಮಾತಿದೆ. ಮಳೆಗಾಲದಲ್ಲಿ ಇನ್ನೇನು ಇಳಿಯಿತು ಅನ್ನುವಾಗ ವಿಮಾನ ಗುರ್ ಅಂತ ಮತ್ತೆ ಮೇಲೆ ಏಳುತ್ತದೆ. ಒಳಗಿದ್ದವರು ಹೆದರುತ್ತಾರೆ. ಅದಕ್ಕೆ ಗೋ ಅರೌಂಡ್ ಅನ್ನುತ್ತಾರೆ. ಪೈಲಟ್ ಸರಿಯಾದ ಕೆಲಸ ಮಾಡಿದ ಅಂತ ಅದರ ಅರ್ಥ. ಇದನ್ನು ಗಲ್ಫಿಗೆ ಹೋಗಿಬರುವ ಮಗನಿರುವ ಒಬ್ಬ ಅಮ್ಮನಿಗೆ ತಿಳಿಸಿದರೆ ಅವರ ಮುಂದಿನ ಪ್ರಯಾಣದ ಭಯ ಸ್ವಲ್ಪ ಕಡಿಮೆ ಆಗುತ್ತದೆ.

ಕಿವಿ ಕಟ್ಟುವುದರ ಬಗ್ಗೆಯೂ ತುಂಬ ಕೇಳುತ್ತಾರೆ. ವಿಮಾನ ಹತ್ತು ಕಿ.ಮೀ. ಎತ್ತರದಲ್ಲಿದ್ದರೂ ಒಳಗೆ ಗಾಳಿ ತುಂಬಿಸಿ ಇಟ್ಟಿರುತ್ತಾರೆ. ಆದರೂ ನೆಲದ ಮೇಲಿನಷ್ಟು ಇರುವುದಿಲ್ಲ, ಸುಮಾರು ಮುಳ್ಳಯ್ಯನಗಿರಿಯ ತುದಿಯಲ್ಲಿ ಇರುವಷ್ಟು. ಇಳಿಯುವಾಗ ಎಂಜಲು ನುಂಗುತ್ತಾ ಇರಿ, ಮಗುವಿಗೆ ಹಾಲು ಕುಡಿಸಿ.

ಮಂಜೇಶ್ವರ ವಿದ್ಯಾರ್ಥಿನಿ

ಭಾಷೆಯ ಬಗ್ಗೆ ಯಾರೂ ಹೇಳಲಿಲ್ಲ. ನಾವು ಪಾಠಪುಸ್ತಕದಲ್ಲಿ ಬಾಹ್ಯಾಕಾಶ ಅಂತ ಓದುತ್ತೇವೆ, ಟಿ.ವಿ.ಯಲ್ಲಿ ಬಹಿರಾಕಾಶ ಅಂತ ಕೇಳುತ್ತೇವೆ. ನಮಗೆ ಕ್ಷುದ್ರಗ್ರಹ ಅನ್ನುವುದು ಮಲಯಾಳದಲ್ಲಿ ಛಿನ್ನಗ್ರಹ. ನನ್ನ ತಂಗಿ ಇವೆರಡೂ ಬೇರೆ ಬೇರೆ ವಸ್ತು ಅಂತಲೇ ತಿಳಿದಿದ್ದಳು. ಎರಡೂ ಶಬ್ದಗಳನ್ನು ಪಕ್ಕಪಕ್ಕ ಬರೆದ ಒಂದು ಪುಟ ಕೊಟ್ಟರೆ ಒಳ್ಳೆಯದು. ಮನೆಯಲ್ಲಿ ತುಳು, ಹವ್ಯಕ, ಬ್ಯಾರಿ ಮಾತಾಡುವವರಿಗೆ ಆಯಾ ಭಾಷೆಯಲ್ಲೇ ವಿವರಿಸಲಿ. ಸೂರ್ಯ, ಚಂದ್ರ, ಗ್ರಹಣ, ವಿಮಾನ ಇವೆಲ್ಲ ಹೇಗೂ ಎಲ್ಲರಿಗೂ ಗೊತ್ತು.

ಚೆರ್ವತ್ತೂರು

ಹೌದು ತಂಗಿ, ನಾನೂ ಅವತ್ತು ಮೂರು ಭಾಷೆಯಲ್ಲಿ ಹೇಳಿದ್ದೆ.

ಕುಂಬಳೆ ಅರ್ಥಧಾರಿ

ಟೀಚರ್, ನನಗೇ ಒಂದು ಪ್ರಶ್ನೆ ಇದೆ. ಬಾಹ್ಯಾಕಾಶ ನಿಲ್ದಾಣದಲ್ಲಿ ಎಲ್ಲರೂ ತೇಲುತ್ತಾರಲ್ಲ, ಅಲ್ಲಿ ಭೂಮಿಯ ಸೆಳೆತ ಇಲ್ಲ ಅಂತ ಎಲ್ಲರೂ ಹೇಳುತ್ತಾರೆ. ಸೆಳೆತ ಇಲ್ಲದಿದ್ದರೆ ಅದು ಭೂಮಿಯನ್ನು ಸುತ್ತುವುದು ಯಾಕೆ? ಬಿಟ್ಟು ಹೋಗಬೇಕಿತ್ತಲ್ಲ?

ನೀರ್ಚಾಲು ಟೀಚರ್

ಅಣ್ಣಾ, ನೀವು ಕೇಳಿದ್ದು ಸರಿಯಾದ ಜಾಗಕ್ಕೇ ತಾಗಿತು. ಸೆಳೆತ ಅಲ್ಲೂ ಇದೆ. ನಿಲ್ದಾಣ ಇರುವುದು 400 ಕಿ.ಮೀ. ಎತ್ತರದಲ್ಲಿ, ಅಲ್ಲಿ ನೆಲದ ಮೇಲಿನ ಸೆಳೆತದ ನೂರಕ್ಕೆ ತೊಂಬತ್ತರಷ್ಟು ಉಂಟು.

ಬೇಕಲ ಕೋಟೆಯ ಮೇಲೆ ನಿಂತು ಸಮುದ್ರದ ಕಡೆ ಕಲ್ಲು ಎಸೆಯುತ್ತೀರಿ ಅಂತ ಇಟ್ಟುಕೊಳ್ಳಿ. ಬಾಗಿ ಬಂದು ನೀರಿಗೆ ಬೀಳುತ್ತದೆ. ಇನ್ನೂ ಜೋರಾಗಿ ಎಸೆದರೆ ಇನ್ನೂ ದೂರ ಹೋಗಿ ಬೀಳುತ್ತದೆ. ಭೂಮಿ ದುಂಡಗೆ ಇದೆ ಅಲ್ವಾ, ಕಲ್ಲು ಬಾಗಿದಷ್ಟೇ ನೆಲವೂ ಬಾಗುತ್ತಾ ಹೋದರೆ? ಕಲ್ಲು ಬೀಳುತ್ತಲೇ ಇರುತ್ತದೆ, ನೆಲ ಸಿಗುವುದೇ ಇಲ್ಲ. ಗಾಳಿ ಅಡ್ಡ ಬರದಷ್ಟು ಎತ್ತರದಲ್ಲಿ ಅದಕ್ಕೆ ಬೇಕಾದ ವೇಗ ಸೆಕೆಂಡಿಗೆ ಎಂಟು ಕಿ.ಮೀ.ಗೆ ಹತ್ತಿರ. ಕಾಸರಗೋಡಿನಿಂದ ಮಂಗಳೂರಿಗೆ ಆರೇಳು ಸೆಕೆಂಡು. ನಿಲ್ದಾಣ ಹಾಗೆ ಬೀಳುತ್ತಲೇ ಇದೆ. ಒಳಗಿದ್ದವರೂ ಜತೆಗೇ ಬೀಳುತ್ತಿದ್ದಾರೆ, ಅದಕ್ಕೇ ತೇಲಿದ ಹಾಗೆ ಕಾಣುತ್ತದೆ. ತೊಂಬತ್ತು ನಿಮಿಷಕ್ಕೆ ಒಂದು ಸುತ್ತು.

ಕೆಲವು ಸಂಜೆ ನಮ್ಮ ಅಂಗಳದಿಂದಲೇ ಕಾಣುತ್ತದೆ. ಮಿಣುಕದೆ, ಸದ್ದಿಲ್ಲದೆ ಸಾಗುವ ದೊಡ್ಡ ನಕ್ಷತ್ರದ ಹಾಗೆ. ದುರ್ಬೀನು ಬೇಡ.

ಅಕ್ಕಲಕೋಟೆ ಗಣಿತ ಮಾಸ್ತರ

ನಮಸ್ಕಾರ್ರೀ ಟೀಚರ್. ನಾನು ಮಹಾರಾಷ್ಟ್ರದ ಗಡಿಯ ಕನ್ನಡದವನು. ಏಪ್ರಿಲ್ ಅಂದಿರಲ್ಲ, ಆ ತಿಂಗಳು ನಿಮ್ಮ ಊರಲ್ಲಿ ನೆರಳು ಮಾಯ ಆಗುವ ದಿನ ಬರುತ್ತದೆ. ಕಾಸರಗೋಡು ಉತ್ತರ ಅಕ್ಷಾಂಶ ಹನ್ನೆರಡೂವರೆ ಡಿಗ್ರಿ. ಏಪ್ರಿಲ್ 23ರ ಆಸುಪಾಸು ಮಧ್ಯಾಹ್ನ ಹನ್ನೆರಡೂವರೆಗೆ ಒಂದೆರಡು ನಿಮಿಷ ಮೊದಲು ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ. ಆಗಸ್ಟಿನಲ್ಲಿ ಇನ್ನೊಮ್ಮೆ ಬರುತ್ತಾನೆ, ಆದರೆ ಆಗ ನಿಮ್ಮಲ್ಲಿ ಮಳೆ ಇರುತ್ತದೆ.

ನಮ್ಮ ಊರು ಹದಿನೇಳೂವರೆ ಡಿಗ್ರಿ. ನಿಮ್ಮಲ್ಲಿ ನೆರಳು ಇಲ್ಲದ ದಿನ ನಮ್ಮಲ್ಲಿ ಒಂದು ಮೀಟರ್ ಕೋಲಿಗೆ ಒಂಬತ್ತು ಸೆಂಟಿಮೀಟರಿಗೆ ಸ್ವಲ್ಪ ಕಡಿಮೆ ನೆರಳು ಬೀಳುತ್ತದೆ, ಉತ್ತರಕ್ಕೆ. ಕೋನ ಲೆಕ್ಕ ಹಾಕಿದರೆ 5 ಡಿಗ್ರಿ. ನಿಮಗೂ ನಮಗೂ ಉತ್ತರ ದಕ್ಷಿಣ ದೂರ 555 ಕಿ.ಮೀ. ಆಸುಪಾಸು. 360ರಲ್ಲಿ 5 ಎಷ್ಟು ಸಲ ಬರುತ್ತದೆ? 72 ಸಲ. 72ನ್ನು 555ರಿಂದ ಗುಣಿಸಿರಿ, ಹತ್ತಿರ ಹತ್ತಿರ 40,000 ಕಿ.ಮೀ. ಭೂಮಿಯ ಸುತ್ತಳತೆ ಬಂತು ನೋಡಿರಿ! ಎರಡು ಸಾವಿರ ವರ್ಷಕ್ಕೂ ಹಿಂದೆ ಎರಟೋಸ್ತನೀಸ್ ಈಜಿಪ್ಟಿನಲ್ಲಿ ಮಾಡಿದ್ದು ಇದನ್ನೇ.

ನೀವು ಅಲ್ಲಿ ನಿಂತು ಫೋನ್ ಮಾಡಿರಿ, ನಮ್ಮ ಮಕ್ಕಳು ಇಲ್ಲಿ ಅಳೆಯುತ್ತಾರೆ. ನಮ್ಮಲ್ಲಿ ನಡುಮಧ್ಯಾಹ್ನ ನಿಮಗಿಂತ ಐದು ನಿಮಿಷ ಮೊದಲು, ಅದೊಂದು ನೆನಪಿಡಿರಿ.

ಪೆರ್ಲ ತೋಟ

ನಮ್ಮ ಅಂಗಳದಲ್ಲೇ ಮಾಡಿ ಟೀಚರ್. ಅಡಿಕೆ ಒಣಗಲು ಹಾಕಿದ್ದನ್ನು ಒಂದು ಬದಿಗೆ ಸರಿಸುತ್ತೇನೆ. ನೀರಾವರಿಯ ಪಿ.ವಿ.ಸಿ. ಪೈಪಿನ ತುಂಡು ಬೇಕಾದಷ್ಟಿವೆ. ನೇರ ನಿಲ್ಲಿಸಿದರೆ ಬಿಸಿಲು ಒಳಗಿನಿಂದ ನೆಲಕ್ಕೆ ಇಳಿಯಬೇಕು ಅಲ್ವಾ?

ಅಕ್ಕಲಕೋಟೆ ಗಣಿತ ಮಾಸ್ತರ

ಖಂಡಿತ ಇಳಿಯುತ್ತದೆ. ಬಾವಿ ಇದ್ದರೆ ಅದರ ನೀರಿನವರೆಗೂ ಇಳಿಯುತ್ತದೆ. ಮಕ್ಕಳು ಬಗ್ಗಿ ನೋಡದಂತೆ ಒಬ್ಬರು ಕಟ್ಟೆಯ ಹತ್ತಿರ ನಿಲ್ಲಬೇಕು. ನೀರಲ್ಲಿ ಕಾಣುವ ಸೂರ್ಯನನ್ನೂ ಬರಿಗಣ್ಣಲ್ಲಿ ನೋಡಬಾರದು.

ನೀರ್ಚಾಲು ಟೀಚರ್

ಎಲ್ಲ ಓದಿ ತರಬೇತಿಯ ರೂಪ ಬದಲಾಯಿಸಿದ್ದೇನೆ.

ಮೊದಲ ದಿನ ಬರೀ ಕೈಕೆಲಸ. ಹಾಳೆಯ ರೆಕ್ಕೆ, ನೀರಿನ ರಾಕೆಟ್. ರಾಕೆಟ್ಟಿಗೆ ಸೋಡಾ ತುಂಬುವ ಗಟ್ಟಿ ಬಾಟಲಿ ಮಾತ್ರ, ಕುಡಿಯುವ ನೀರಿನ ತೆಳು ಬಾಟಲಿ ಒತ್ತಡಕ್ಕೆ ಒಡೆಯುತ್ತದೆ. ಮೂರರಲ್ಲಿ ಒಂದು ಪಾಲು ನೀರು, ಬಿಗಿಯಾದ ಬೂಚು, ಸೈಕಲ್ ಪಂಪು. ಬಾಟಲಿಯ ಮೇಲೆ ಯಾರೂ ಬಗ್ಗಬಾರದು. ಎರಡನೇ ದಿನ ಪದ್ಯ, ಅಂದರೆ ಬಾಯಿಪಾಠ ಆಗಬೇಕಾದ ಇಪ್ಪತ್ತು ವಿಷಯ. ಅದರಲ್ಲಿ ನಮ್ಮವೇ ಎರಡು ಇರುತ್ತವೆ. ಒಂದು, ತುಂಬಾ ಅನ್ನುವ ಊರು. 1963 ನವೆಂಬರ್ 21ರಂದು ನಮ್ಮದೇ ರಾಜ್ಯದ ಈ ಮೀನುಗಾರರ ಹಳ್ಳಿಯಿಂದ ಮೊದಲ ರಾಕೆಟ್ ಹಾರಿತು. ಅಲ್ಲಿನ ಇಗರ್ಜಿಯೇ ವಿಜ್ಞಾನಿಗಳ ಕಚೇರಿ ಆಗಿತ್ತು. ಭೂಮಿಯ ಕಾಂತೀಯ ಸಮಭಾಜಕ, ಅಂದರೆ ಕಾಂತಸೂಜಿ ಮೇಲೆ ಕೆಳಗೆ ವಾಲದೆ ಮಟ್ಟಸ ನಿಲ್ಲುವ ಗೆರೆ, ಅಲ್ಲಿಗೆ ತೀರಾ ಹತ್ತಿರ ಹಾದುಹೋಗುತ್ತಿತ್ತು ಅಂತ ಆ ಜಾಗ ಆರಿಸಿದ್ದರು. ಇನ್ನೊಂದು ಉಡುಪಿ ಹತ್ತಿರದ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್. ಅವರ ಮುಂದಾಳ್ತನದಲ್ಲಿ ತಯಾರಾದ ಆರ್ಯಭಟ ಉಪಗ್ರಹ 1975 ಏಪ್ರಿಲ್ 19ಕ್ಕೆ ಹಾರಿತು. ತೂಕ 360 ಕಿಲೋ, ಐವತ್ತು ಕಿಲೋದ ಅಕ್ಕಿ ಮೂಟೆ ಏಳಕ್ಕಿಂತ ಸ್ವಲ್ಪ ಜಾಸ್ತಿ.

ಮೂರು, ನಾಲ್ಕನೇ ದಿನ ಎದುರುಬದುರು ಕೂತು ಪ್ರಶ್ನೆ. ಕುಂಬಳೆಯ ಅಣ್ಣ ಬಂದು ಕೇಳುವ ಕಡೆ ಕೂರಲು ಒಪ್ಪಿದ್ದಾರೆ. ಗೊತ್ತಿಲ್ಲದ್ದು ಬಂದರೆ 'ಗೊತ್ತಿಲ್ಲ, ಬರೆದುಕೊಂಡಿದ್ದೇನೆ, ಇಂಥ ದಿನ ಬಂದು ಹೇಳುತ್ತೇನೆ' ಅನ್ನಬೇಕು. ಆ ದಿನ ಹೋಗಿ ಹೇಳಲೂ ಬೇಕು. ಇದಕ್ಕಾಗಿ ಪ್ರತಿಯೊಬ್ಬರಿಗೂ ಒಂದು ಸಣ್ಣ ನೋಟ್‌ಬುಕ್.

23ಕ್ಕೆ ಎಲ್ಲರೂ ಪೆರ್ಲಕ್ಕೆ ಬರುತ್ತೇವೆ. ಹೋದ ವರ್ಷದ ಆ ಹುಡುಗಿಯ ಮನೆ ಎಲ್ಲಿ ಅಂತ ವಿಚಾರಿಸಿ ನಿನ್ನೆ ಹೋಗಿದ್ದೆ. ಚಂದ್ರನ ರಾತ್ರಿಯ ಬಗ್ಗೆ ಹೇಳಿದೆ. ಪೂರ್ತಿ ಕೇಳಿ, 'ಬ್ಯಾಟರಿ ದೊಡ್ಡದು ಇಟ್ಟಿದ್ದರೆ ಆಗ್ತಿರಲಿಲ್ವಾ?' ಅಂದಳು. ಅವಳೂ ಬರುತ್ತಾಳೆ, ಅವಳ ಅಮ್ಮನೂ.

ಪೆರ್ಲ ತೋಟ

ಬನ್ನಿ ಟೀಚರ್. ಹನ್ನೆರಡಕ್ಕೆ ಮೊದಲೇ ಬಂದುಬಿಡಿ, ಬಿಸಿಲು ಜೋರು ಇರುತ್ತದೆ. ಮಜ್ಜಿಗೆ ನೀರು ಮಾಡಿಸಿ ಇಡುತ್ತೇನೆ.